ಮನೆಯಲ್ಲಿ ಕಾಡತೂಸು ತುಂಬುವ ಯಂತ್ರ ರೈತನಿಗೆ ಬೇಕೆ?

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)

ಬೆಳೆಯನ್ನು ಬೆಳೆಯುವುದು ಎಷ್ಟು ಕಷ್ಟವೋ ಬೆಳೆದು ನಿಂತದ್ದನ್ನು ಕಾಯುವುದೂ ಅಷ್ಟೇ ಕಷ್ಟ. ಭೀಮಾ ನದಿಯ ದಂಡೆಯ ಇಂಡಿ, ಸಿಂದಗಿ ಭಾಗದಲ್ಲಿ ಕಬ್ಬು, ಗೋವಿನಜೋಳ ಹೆಚ್ಚಿವೆ. ಕೃಷ್ಣಾ ಮತ್ತು ಡೋಣಿ ಹೊಳೆಗಳ ಸೀಮೆಯಾದ ಬಸವನ ಬಾಗೇವಾಡಿ, ಮುದ್ದೇಬಿಹಾಳ ಭಾಗದಲ್ಲಿಯೂ ಕಾಲುವೆ ನೀರು ಬಂದಲ್ಲೆಲ್ಲ ವರ್ಷವಿಡೀ ಹಸಿರು ಇರುತ್ತದೆ. ಹಳ್ಳದ ದಂಡೆಗಳಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿದೆ. ಹಗಲು ಜಾಲಿಯ ಮೆಳೆಯಲ್ಲೋ ಕಬ್ಬಿನ ಗದ್ದೆಯಲ್ಲೋ ಮಲಗುವ ಕಾಡುಹಂದಿ ರಾತ್ರಿ ಹೊಲಕ್ಕೆ ಬರುತ್ತದೆ. ಎರೆಹೊಲಗಳ ಬಯಲಿನಲ್ಲಿ ಚಿಗರಿಯ ಹಿಂಡು ಕಡಲೆಯ ಕುಡಿಯನ್ನು ಮೇಯುತ್ತದೆ. ಹಿಂಗಾರಿ ಜೋಳ ಹಾಲುಗಾಳಾದಾಗ ಹಕ್ಕಿಗಳ ದಂಡು ಬರುತ್ತದೆ.

ಇಂಥ ಸಂದರ್ಭದಲ್ಲಿ ರೈತನಿಗೆ ಬಂದೂಕಿನ ನೆನಪಾಗುವುದು ಸಹಜ. ಕೆಲವು ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕು ಇದೆ. ಅಂಗಡಿಯ ಕಾಡತೂಸಿಗೆ ಬೆಲೆ ಹೆಚ್ಚು, ಅಂಗಡಿಯೂ ದೂರ. ಇತ್ತ ಮನೆಯ ಹುಡುಗರು ಮೊಬೈಲಿನಲ್ಲಿ ಅಮೆರಿಕದವರು ಮೇಜಿನ ಮೇಲೆ ಒಂದು ಪುಟ್ಟ ಯಂತ್ರವನ್ನು ಇಟ್ಟುಕೊಂಡು ಹಿಡಿಕೆ ಎಳೆದು ಕಾಡತೂಸು ತುಂಬುವುದನ್ನು ನೋಡುತ್ತಾರೆ. ಆ ಯಂತ್ರಕ್ಕೆ ಟರೆಟ್ ಪ್ರೆಸ್ ಎಂದು ಹೆಸರು. "ಇದನ್ನು ನಾವೂ ಯಾಕೆ ತರಿಸಬಾರದು?" ಎಂಬ ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಹೋದರೆ ಒಬ್ಬ ಒಳ್ಳೆಯ ರೈತ ಒಂದು ಹಂದಿಯ ಕಾಟ ತಪ್ಪಿಸಲು ಹೋಗಿ ಜೀವಮಾನದ ಕಾಟಕ್ಕೆ ಸಿಕ್ಕಿಕೊಳ್ಳಬಹುದು. ಆದ್ದರಿಂದ ಈ ವಿಷಯವನ್ನು ಇಲ್ಲಿ ವಿವರವಾಗಿ ನೋಡೋಣ.

ಕಾಡತೂಸಿನ ರಚನೆ

ಹಳೆಯ ಕಾಲದ ಬಂದೂಕಿಗೆ ನಳಿಗೆಯ ಬಾಯಿಂದಲೇ ಮದ್ದು, ಗುಂಡು ಹಾಕಿ ಗಜದಿಂದ ಜಡಿಯುತ್ತಿದ್ದರು. ಹಿಂಭಾಗದಲ್ಲಿ ಕೇಪು ಇಟ್ಟು ಹೊಡೆಯುತ್ತಿದ್ದರು. ಇದೇ ಕೇಪಿನ ಬಂದೂಕು. ಈಗಲೂ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಇಂಥ ಬಂದೂಕುಗಳಿವೆ.

ನಂತರ ಬಂದ ಬಂದೂಕಿನಲ್ಲಿ ಇವೆಲ್ಲವೂ ಒಂದೇ ಕೋಶದೊಳಗೆ ಅಡಕವಾಗಿರುತ್ತವೆ. ಅದೇ ಕಾಡತೂಸು, ಕೆಲವರು ತೋಟೆ ಎನ್ನುತ್ತಾರೆ. ಕೋಶದ ತಳದಲ್ಲಿ ಹಿತ್ತಾಳೆಯ ಟೋಪಿ, ಅದರ ನಡುವೆ ಕೇಪು, ಕೇಪಿನ ಮುಂದೆ ಮದ್ದು, ಮದ್ದಿನ ಮುಂದೆ ಬಿರಟೆಯಂಥ ಅಡ್ಡಪದರು, ಅದರ ಮುಂದೆ ಸೀಸದ ಚರೆ ಇರುತ್ತವೆ. ಕುದುರೆ ಬಡಿದಾಗ ಕೇಪು ಸಿಡಿಯುತ್ತದೆ. ಅದರ ಕಿಡಿಯಿಂದ ಮದ್ದು ಕ್ಷಣಾರ್ಧದಲ್ಲಿ ಉರಿದು ಅನಿಲವಾಗುತ್ತದೆ. ಆ ಅನಿಲದ ಒತ್ತಡ ಚರೆಯನ್ನು ಮುಂದಕ್ಕೆ ತಳ್ಳುತ್ತದೆ. ಅದೇ ಒತ್ತಡ ನಳಿಗೆಯ ಗೋಡೆಯ ಮೇಲೂ, ಹೊಡೆಯುವವನ ಮುಖದ ಹತ್ತಿರ ಇರುವ ಬೀಗದ ಮೇಲೂ ಬೀಳುತ್ತದೆ. ಅಂಗಡಿಯ ಕಾಡತೂಸಿನಲ್ಲಿ ಈ ಒತ್ತಡವನ್ನು ಕಾರ್ಖಾನೆಯಲ್ಲಿ ಅಳೆದು ಪರೀಕ್ಷಿಸಿರುತ್ತಾರೆ. ಮನೆಯಲ್ಲಿ ಅಳೆಯುವ ಸಾಧನವಿಲ್ಲ.

"ಹನ್ನೆರಡು ಬೋರ್" ಎಂಬ ಮಾತಿಗೂ ಒಂದು ಅರ್ಥವಿದೆ. ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡುಗಳನ್ನು ಎರೆದರೆ ಆ ಗುಂಡು ಹಿಡಿಸುವಷ್ಟು ಅಗಲದ ನಳಿಗೆ ಎಂದು ಅರ್ಥ. ಅದು ಸುಮಾರು 18.5 ಮಿಲಿಮೀಟರು. ಚರೆಗೆ ನಂಬರು ಹೆಚ್ಚಾದಂತೆ ಕಾಳು ಸಣ್ಣದಾಗುತ್ತದೆ.

ಟರೆಟ್ ಪ್ರೆಸ್ ಎಂದರೇನು?

ಶಾವಿಗೆ ಒತ್ತುವ ಯಂತ್ರವನ್ನು ಎಲ್ಲರೂ ನೋಡಿದ್ದೀರಿ. ಟರೆಟ್ ಪ್ರೆಸ್ ಕೂಡ ಮೇಜಿನ ಅಂಚಿಗೆ ಬೋಲ್ಟಿನಿಂದ ಬಿಗಿಯುವ ಒಂದು ಒತ್ತುಯಂತ್ರ. ಉದ್ದನೆಯ ಹಿಡಿಕೆಯನ್ನು ಕೆಳಗೆಳೆದರೆ ನಡುವಿನ ಕಂಬ ಮೇಲೇರುತ್ತದೆ. ಕಂಬದ ತುದಿಯಲ್ಲಿ ಖಾಲಿ ಕೋಶವನ್ನು ನಿಲ್ಲಿಸಿರುತ್ತಾರೆ. ಯಂತ್ರದ ಮೇಲ್ಭಾಗದಲ್ಲಿ ತಿರುಗುವ ದುಂಡನೆಯ ತಲೆ ಇರುತ್ತದೆ. ಆ ತಲೆಯಲ್ಲಿ ನಾಲ್ಕರಿಂದ ಎಂಟರವರೆಗೆ ರಂಧ್ರಗಳಿದ್ದು ಒಂದೊಂದರಲ್ಲಿ ಒಂದೊಂದು ಅಚ್ಚು ಕೂಡಿಸಿರುತ್ತಾರೆ. ಒಂದು ಅಚ್ಚು ಹಳೆಯ ಕೇಪನ್ನು ತೆಗೆದು ಕೋಶವನ್ನು ಮೊದಲಿನ ಅಳತೆಗೆ ತರುತ್ತದೆ, ಮತ್ತೊಂದು ಬಾಯಿ ಅಗಲಿಸುತ್ತದೆ, ಇನ್ನೊಂದು ಗುಂಡನ್ನು ಕೂಡಿಸುತ್ತದೆ. ಸಾದಾ ಪ್ರೆಸ್ಸಿನಲ್ಲಿ ಪ್ರತಿ ಕೆಲಸಕ್ಕೂ ಅಚ್ಚನ್ನು ಬಿಚ್ಚಿ ಬೇರೆಯದನ್ನು ಹಾಕಬೇಕು. ಟರೆಟ್‌ನಲ್ಲಿ ತಲೆಯನ್ನು ತಿರುಗಿಸಿದರೆ ಸಾಕು. ಅಮೆರಿಕದ ಲೀ, ಲೈಮನ್, ರೆಡ್ಡಿಂಗ್ ಮೊದಲಾದ ಕಂಪನಿಗಳು ಇವನ್ನು ತಯಾರಿಸುತ್ತವೆ.

ಆ ದೇಶದಲ್ಲಿ ಇದು ಕಾನೂನುಬದ್ಧ ಹವ್ಯಾಸ. ಅಲ್ಲಿಯ ಗುರಿಕಾರರು ಅಭ್ಯಾಸಕ್ಕೆಂದು ಸಾವಿರಗಟ್ಟಲೆ ಗುಂಡು ಹಾರಿಸುತ್ತಾರೆ. ಹಿತ್ತಾಳೆಯ ಕೋಶ ಕಾಡತೂಸಿನಲ್ಲಿ ಬೆಲೆಬಾಳುವ ಭಾಗ. ಅದನ್ನು ಮತ್ತೆ ಮತ್ತೆ ಬಳಸಬಹುದಾದ್ದರಿಂದ ಅವರಿಗೆ ಉಳಿತಾಯವಾಗುತ್ತದೆ.

ಇಲ್ಲಿ ರೈತರು ಗಮನಿಸಬೇಕಾದ ಎರಡು ಮುಖ್ಯ ಸಂಗತಿಗಳಿವೆ.

ಮೊದಲನೆಯದು, ಟರೆಟ್ ಪ್ರೆಸ್ ಇರುವುದು ಹಿತ್ತಾಳೆ ಕೋಶದ ರೈಫಲ್ ಮತ್ತು ಪಿಸ್ತೂಲು ಗುಂಡುಗಳಿಗೆ. ರೈತನ ಕೈಯಲ್ಲಿರುವುದು ಕೇಪಿನ ಬಂದೂಕು ಅಥವಾ 12 ಬೋರಿನ ಚರೆ ಬಂದೂಕು. ಕಾಗದ ಅಥವಾ ಪ್ಲಾಸ್ಟಿಕ್ಕಿನ 12 ಬೋರ್ ಕೋಶಕ್ಕೆ ಬೇಕಾದ ಯಂತ್ರವೇ ಬೇರೆ. ಕೇಪಿನ ಬಂದೂಕಿಗಂತೂ ಕಾಡತೂಸೇ ಇಲ್ಲ. ಹೀಗಾಗಿ ಮೊಬೈಲಿನಲ್ಲಿ ನೋಡಿ ಮೆಚ್ಚಿದ ಯಂತ್ರ ರೈತನ ಬಂದೂಕಿಗೆ ಹೊಂದುವುದೇ ಇಲ್ಲ. ಇದು ಟ್ರ್ಯಾಕ್ಟರಿನ ನೇಗಿಲನ್ನು ತಂದು ಎತ್ತಿಗೆ ಹೂಡಿದಂತೆ.

ಎರಡನೆಯದು, ಯಂತ್ರ, ಅಚ್ಚು, ತಕ್ಕಡಿ ಇವುಗಳಿಗೆ ಹಾಕಿದ ಹಣ ಹುಟ್ಟಬೇಕಾದರೆ ಸಾವಿರಾರು ಗುಂಡು ಹೊಡೆಯಬೇಕು. ಬೆಳೆ ಕಾಯುವ ರೈತ ಒಂದು ಹಂಗಾಮಿನಲ್ಲಿ ಹೊಡೆಯುವುದು ಬೆರಳೆಣಿಕೆಯಷ್ಟು ಕಾಡತೂಸು. ಲೆಕ್ಕ ಯಾವ ರೀತಿಯಿಂದಲೂ ಕೂಡುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಆಯುಧದ ಕಾನೂನು ಈ ಸೀಮೆಗೆ ಹೊಸದಲ್ಲ. 1857ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯುವ ಕಾಯಿದೆ ತಂದಾಗ ಅದನ್ನು ಎದುರಿಸಿ ನಿಂತವರು ಮುಧೋಳ ಸೀಮೆಯ ಹಲಗಲಿಯ ಬೇಡರು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಪ್ರತ್ಯೇಕವಾಗುವವರೆಗೆ ಹಲಗಲಿ ವಿಜಾಪುರ ಜಿಲ್ಲೆಯಲ್ಲಿಯೇ ಇತ್ತು. ಮುಂದೆ 1878ರ ಕಾಯಿದೆ ಬಂತು. ಸ್ವಾತಂತ್ರ್ಯದ ನಂತರ ಅದನ್ನು ತೆಗೆದುಹಾಕಿ 1959ರ ಆಯುಧ ಕಾಯಿದೆಯನ್ನು ಮಾಡಲಾಯಿತು. ಈಗ ನಡೆಯುತ್ತಿರುವುದು ಈ ಕಾಯಿದೆ, ಅದಕ್ಕೆ 2019ರಲ್ಲಾದ ತಿದ್ದುಪಡಿ, ಮತ್ತು 2016ರ ಆಯುಧ ನಿಯಮಗಳು.

ಈ ಕಾಯಿದೆಯ 2ನೆಯ ಕಲಮಿನಲ್ಲಿ "ಮದ್ದುಗುಂಡು" ಎಂಬ ಶಬ್ದಕ್ಕೆ ಅರ್ಥ ಕೊಟ್ಟಿದೆ. ತುಂಬಿದ ಕಾಡತೂಸು ಮಾತ್ರ ಮದ್ದುಗುಂಡು ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಮದ್ದುಗುಂಡಿನ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಸಾಮಗ್ರಿ ಕೂಡ ಮದ್ದುಗುಂಡೇ ಎಂದು ಕಾಯಿದೆ ಹೇಳುತ್ತದೆ. ಅಂದರೆ ಒಂದು ಚಿಟಿಕೆ ಮದ್ದೂ ಇಲ್ಲದೆ ಬರೀ ಪ್ರೆಸ್ ಮನೆಯಲ್ಲಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ಬರೀ ಕಬ್ಬಿಣವಲ್ಲ.

5ನೆಯ ಕಲಮಿನ ಪ್ರಕಾರ ತಯಾರಿಕೆಯ ಪರವಾನಗಿ ಇಲ್ಲದೆ ಯಾರೂ ಮದ್ದುಗುಂಡನ್ನು ತಯಾರಿಸುವಂತಿಲ್ಲ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ತಯಾರಿಸುವ ಪರವಾನಗಿ ಬೇರೆ. ಮೊದಲನೆಯದು ಇದ್ದವನಿಗೆ ಎರಡನೆಯದು ತಾನಾಗಿಯೇ ಬರುವುದಿಲ್ಲ. ಈ ನಿಯಮವನ್ನು ಮೀರಿದರೆ 25ನೆಯ ಕಲಮಿನಲ್ಲಿ ಶಿಕ್ಷೆ ಇದೆ. 2019ರ ತಿದ್ದುಪಡಿಗೆ ಮುಂಚೆ ಅದು ಕನಿಷ್ಠ 3 ವರ್ಷದಿಂದ 7 ವರ್ಷ ಇತ್ತು. ಈಗ ಕನಿಷ್ಠ 7 ವರ್ಷ. ಜೀವಾವಧಿಯವರೆಗೂ ಆಗಬಹುದು, ಜೊತೆಗೆ ದಂಡ. ಪರವಾನಗಿ ಇಲ್ಲದೆ ಬಂದೂಕು ಅಥವಾ ಮದ್ದುಗುಂಡು ಇಟ್ಟುಕೊಂಡರೆ 2ರಿಂದ 5 ವರ್ಷ ಶಿಕ್ಷೆ ಮತ್ತು ದಂಡ.

ಪರದೇಶದಿಂದ ತರಿಸಬೇಕಾದರೆ 10ನೆಯ ಕಲಮಿನ ಪ್ರಕಾರ ಆಮದಿನ ಪರವಾನಗಿ ಬೇಕು. "ಕೈಗಾರಿಕೆಯ ಒತ್ತುಯಂತ್ರ" ಎಂದು ಚೀಟಿ ಅಂಟಿಸಿ ಪಾರ್ಸೆಲ್ ಕಳಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಮರುಳಾಗಬಾರದು. ಚೀಟಿ ಬರೆದವನು ಪರದೇಶದಲ್ಲಿರುತ್ತಾನೆ. ಪಾರ್ಸೆಲಿನ ಮೇಲಿರುವುದು ರೈತನ ಹೆಸರು ಮತ್ತು ವಿಳಾಸ.

ಬಳಸಿದ ಖಾಲಿ ಕೋಶದ ಬಗ್ಗೆಯೂ ಜನರಿಗೆ ಸಂಶಯವಿದೆ. ಬೇರೆ ಭಾಗಗಳೊಂದಿಗೆ ಕೂಡಿಸಿ ಉಪಯೋಗಿಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿಭಾಗಗಳಿಗೆ 45ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಅದೇ ಖಾಲಿ ಕೋಶದ ಪಕ್ಕದಲ್ಲಿ ಕೇಪು, ಮದ್ದು, ಅಚ್ಚು ಸಿಕ್ಕರೆ ಉದ್ದೇಶವೇನೆಂದು ಬೇರೆ ಹೇಳಬೇಕಾಗಿಲ್ಲ. ಖಾಲಿ ಕೋಶಗಳನ್ನು ಡಬ್ಬಿಯಲ್ಲಿ ಕೂಡಿಡುವ ರೂಢಿಯನ್ನು ಬಿಡುವುದು ಒಳಿತು.

ಕೊಡಗಿನ ಉದಾಹರಣೆಯನ್ನು ಕೆಲವರು ಕೊಡುತ್ತಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಆ ವಿನಾಯಿತಿ ಅಲ್ಲಿಯವರದು. ವಿಜಯಪುರ ಜಿಲ್ಲೆಯ ರೈತರಿಗೆ ಅನ್ವಯಿಸುವುದಿಲ್ಲ.

ಮನೆಯಲ್ಲಿ ತುಂಬುವುದರ ಅಪಾಯ

ಕಾನೂನನ್ನು ಬದಿಗಿಟ್ಟು ನೋಡಿದರೂ ಇದು ಅಪಾಯದ ಕೆಲಸ. ಮದ್ದಿನಲ್ಲಿ ಎರಡು ಜಾತಿ ಇವೆ. ಕರಿಮದ್ದು ಹಳೆಯದು, ಹೊಗೆ ಬಹಳ. ಹೊಗೆಯಿಲ್ಲದ ಮದ್ದು ಹೊಸದು, ಅದರ ಬಲ ಎಷ್ಟೋ ಪಾಲು ಹೆಚ್ಚು. ಕರಿಮದ್ದಿಗೆಂದು ಮಾಡಿದ ಹಳೆಯ ನಳಿಗೆಗೆ ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆ ಸೀಳುತ್ತದೆ. ಹೊಗೆಯಿಲ್ಲದ ಮದ್ದಿನಲ್ಲಿಯೂ ಹಲವು ಬಗೆಗಳಿದ್ದು ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ, ಆದರೆ ಉರಿಯುವ ವೇಗ ಬೇರೆ ಬೇರೆ. ಯಂತ್ರ, ತಕ್ಕಡಿ, ಪುಸ್ತಕ ಎಲ್ಲ ಇರುವ ದೇಶಗಳಲ್ಲಿ ಕೂಡ ಒಂದೇ ಕೋಶಕ್ಕೆ ಮರೆತು ಎರಡು ಸಲ ಮದ್ದು ಹಾಕಿ ಬಂದೂಕು ಒಡೆದ ಸಂಗತಿಗಳು ನಡೆಯುತ್ತಲೇ ಇರುತ್ತವೆ. ಪಟಾಕಿಯ ಮದ್ದನ್ನು ಬಂದೂಕಿಗೆ ಬಳಸುವುದಂತೂ ಸಾವನ್ನು ಕರೆದಂತೆಯೇ. ಅದು ತಳ್ಳುವ ಮದ್ದಲ್ಲ, ಸಿಡಿಯುವ ಮದ್ದು.

ಕೇಪು ಇನ್ನೂ ಸೂಕ್ಷ್ಮ. ಒತ್ತಿದರೆ, ಬಡಿದರೆ, ಬಿಸಿಯಾದರೆ ಸಿಡಿಯುತ್ತದೆ. ಒಲೆ ಉರಿಯುವ, ಮಕ್ಕಳು ಆಡುವ, ಕಣಕಿ ಒಟ್ಟಿದ ಮನೆಯಲ್ಲಿ ಅದನ್ನು ಇಡುವ ಜಾಗವೇ ಇಲ್ಲ.

ಮೊಬೈಲಿನಲ್ಲಿ ನೋಡಿ ಮಾಡಿದ ಸಾಧನ ಎಂಥ ಅನಾಹುತ ಮಾಡಬಲ್ಲದು ಎಂಬುದಕ್ಕೆ ಹತ್ತಿರದ ಉದಾಹರಣೆ ಇದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಪ್ಲಾಸ್ಟಿಕ್ ಕೊಳವೆಯಿಂದ ಮಾಡಿದ ಕಾರ್ಬೈಡ್ ಗನ್ ಸಿಡಿಸಿ ಅನೇಕ ಮಕ್ಕಳು ಕಣ್ಣಿಗೆ ಗಾಯ ಮಾಡಿಕೊಂಡರು. ಕೆಲವರ ದೃಷ್ಟಿಯೇ ಹೋಯಿತು. ಮಂಗ, ಹಕ್ಕಿ ಓಡಿಸಲು ಒಳ್ಳೆಯದೆಂದು ಅದೇ ಕೊಳವೆಯನ್ನು ರೈತರಿಗೂ ಮಾರುವವರಿದ್ದಾರೆ. ಸಿಡಿಯಲಿಲ್ಲವೆಂದು ಕೊಳವೆಯಲ್ಲಿ ಇಣುಕಿದ ಕ್ಷಣವೇ ಅದು ಸಿಡಿಯುತ್ತದೆ.

ಬಂದೂಕು ಇದ್ದವರು ಪಾಲಿಸಬೇಕಾದ ಕ್ರಮ

ನಿಜವಾಗಿಯೂ ಅಗತ್ಯವಿರುವ ರೈತನಿಗೆ ಕಾನೂನಿನ ದಾರಿ ಮುಚ್ಚಿಲ್ಲ. ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ತುಂಬುವ ಬಂದೂಕಿಗೆ ಪರವಾನಗಿ ಕೊಡಲು 13ನೆಯ ಕಲಮಿನಲ್ಲಿ ಅವಕಾಶವಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಗೆರೆಯಿಲ್ಲದ ನಳಿಗೆಯ ಬೇರೆ ಬಂದೂಕಿಗೂ ಕೊಡಬಹುದು. ಅರ್ಜಿಯನ್ನು ಜಿಲ್ಲಾ ದಂಡಾಧಿಕಾರಿಗಳಿಗೆ, ಎಂದರೆ ವಿಜಯಪುರದ ಜಿಲ್ಲಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕು. ಪೊಲೀಸ್ ವರದಿಯ ನಂತರ ತೀರ್ಮಾನವಾಗುತ್ತದೆ. ವಯಸ್ಸು 21 ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 3ರ ಬದಲು 5 ವರ್ಷ. ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ.

ಪರವಾನಗಿ ಉಳ್ಳವರು ಈ ಕೆಳಗಿನ ಅಂಶಗಳನ್ನು ನೆನಪಿನಲ್ಲಿಡಬೇಕು.

1. ಕಾಡತೂಸನ್ನು ಪರವಾನಗಿ ಹೊಂದಿದ ಅಂಗಡಿಯಲ್ಲಿಯೇ ಕೊಳ್ಳಬೇಕು. ಪರವಾನಗಿ ಪುಸ್ತಕದಲ್ಲಿ ಸಂಖ್ಯೆಯನ್ನು ಬರೆಯಿಸಬೇಕು, ರಸೀದಿ ಪಡೆಯಬೇಕು. ಪುಣೆಯ ಬಳಿಯ ಖಡಕಿಯಲ್ಲಿ 1869ರಲ್ಲಿ ಆರಂಭವಾದ ಮದ್ದುಗುಂಡಿನ ಕಾರ್ಖಾನೆ ಇದೆ. 2021ರ ಅಕ್ಟೋಬರಿನಿಂದ ಅದು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಗೆ ಸೇರಿದೆ. ಅಲ್ಲಿಯ 12 ಬೋರ್ ಕಾಡತೂಸು ಶಕ್ತಿಮಾನ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ.

2. ಕಾಡತೂಸಿನ ಉದ್ದ ನಳಿಗೆಯ ಕೋಣೆಗೆ ಹೊಂದಬೇಕು. 65 ಮಿಲಿಮೀಟರಿನ ಹಳೆಯ ಕೋಣೆಗೆ 70 ಮಿಲಿಮೀಟರಿನ ಕಾಡತೂಸು ಹಾಕಿದರೆ ಒತ್ತಡ ಮಿತಿಮೀರುತ್ತದೆ. ಬಂದೂಕಿನ ಮೇಲಿನ ಗುರುತನ್ನು ಅಂಗಡಿಯವರಿಗೆ ತೋರಿಸಿ ಕೊಳ್ಳಬೇಕು.

3. ತಂಪು ಹಿಡಿದು ಉಬ್ಬಿದ, ತಳದಲ್ಲಿ ಕಿಲುಬು ಕಟ್ಟಿದ ಕಾಡತೂಸನ್ನು ಬಳಸಬಾರದು. ಬಿಸಿಲಿಗೆ ಅಥವಾ ಒಲೆಯ ಬದಿಗೆ ಇಟ್ಟು ಒಣಗಿಸಬಾರದು. ಬಿಚ್ಚಿ ಮದ್ದು ತೆಗೆಯಬಾರದು. ಅಂಗಡಿಗೆ ಅಥವಾ ಪೊಲೀಸ್ ಠಾಣೆಗೆ ಒಪ್ಪಿಸಬೇಕು.

4. ಬಂದೂಕನ್ನೂ ಕಾಡತೂಸನ್ನೂ ಬೇರೆ ಬೇರೆ ಬೀಗದಲ್ಲಿಡಬೇಕು. ಹೊಲದ ಗುಡಿಸಿಲಿನಲ್ಲಿ ಬಿಟ್ಟು ಬರಬಾರದು.

5. ಹೆಸರು ಪರವಾನಗಿಯಲ್ಲಿ ಇಲ್ಲದ ಆಳಿನ ಕೈಗೆ ಬಂದೂಕು ಕೊಟ್ಟು ಕಾವಲಿಗೆ ಕಳಿಸಬಾರದು. ಹಾಗೆ ಮಾಡಿದರೆ ಇಬ್ಬರೂ ತಪ್ಪಿತಸ್ಥರಾಗುತ್ತಾರೆ.

6. ಕುದುರೆ ಎಳೆದರೂ ಹಾರದಿದ್ದರೆ ತಕ್ಷಣ ಬಿಚ್ಚಬಾರದು. ನಳಿಗೆಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದು ಅರ್ಧ ನಿಮಿಷ ಕಾದು ನಂತರ ಬಿಚ್ಚಬೇಕು.

7. ದುರಸ್ತಿಯನ್ನು ಪರವಾನಗಿ ಇರುವ ಬಂದೂಕಿನ ಕಸಬುದಾರರಿಂದಲೇ ಮಾಡಿಸಬೇಕು. ಊರ ಕಮ್ಮಾರನನ್ನು ಇದಕ್ಕೆ ಎಳೆಯಬಾರದು. ಪರವಾನಗಿ ಇಲ್ಲದ ದುರಸ್ತಿಗೂ ತಯಾರಿಕೆಯಷ್ಟೇ ಶಿಕ್ಷೆ.

8. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

9. ಚುನಾವಣೆಯ ಸಮಯದಲ್ಲಿ ಆದೇಶ ಬಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಬೆಳೆ ಕಾಯಲು ಬೇಕೇ ಬೇಕೆನ್ನುವವರು ವಿನಾಯಿತಿ ಕೋರಿ ಮುಂಚೆಯೇ ಅರ್ಜಿ ಕೊಡಬೇಕು.

ಎಲ್ಲಕ್ಕಿಂತ ಹೆಚ್ಚು ರೈತರು ಎಡವುವುದು ಇನ್ನೊಂದು ವಿಷಯದಲ್ಲಿ. ಪರವಾನಗಿದಾರರಾದ ಹಿರಿಯರು ತೀರಿಹೋದ ಮೇಲೆ ಬಂದೂಕು ಅಟ್ಟದ ಮೇಲೆಯೇ ಉಳಿಯುತ್ತದೆ. "ಅಪ್ಪನ ಬಂದೂಕು, ಪುಸ್ತಕವೂ ಇದೆ" ಎಂದು ಮಕ್ಕಳು ಸುಮ್ಮನಿರುತ್ತಾರೆ. ಪರವಾನಗಿ ವ್ಯಕ್ತಿಗೆ ಸೇರಿದ್ದು. ಹೊಲದ ಹಾಗೆ ಅದು ವಾರಸುದಾರನಿಗೆ ಬರುವುದಿಲ್ಲ. 21ನೆಯ ಕಲಮಿನ ಪ್ರಕಾರ ವಾರಸುದಾರರು ತಡಮಾಡದೆ ಬಂದೂಕು ಮತ್ತು ಕಾಡತೂಸುಗಳನ್ನು ಹತ್ತಿರದ ಠಾಣೆಗೆ ಅಥವಾ ಪರವಾನಗಿ ಇರುವ ಅಂಗಡಿಗೆ ಒಪ್ಪಿಸಬೇಕು. ನಂತರ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕು. ದಿನಕರ್ಮ ಮುಗಿದ ಕೂಡಲೆ ಮಾಡಬೇಕಾದ ಕೆಲಸಗಳಲ್ಲಿ ಇದೂ ಒಂದೆಂದು ತಿಳಿಯಬೇಕು.

ಯಾವ ಪ್ರಾಣಿಯ ಮೇಲೆ?

ಬಂದೂಕಿಗೆ ಪರವಾನಗಿ ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಹೊಡೆಯಲು ಪರವಾನಗಿ ಸಿಕ್ಕಂತಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. 2022ರಲ್ಲಿ ಅದಕ್ಕೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಚಿಗರಿ ಮತ್ತು ನವಿಲು ಒಂದನೆಯ ಅನುಸೂಚಿಯಲ್ಲಿವೆ. ಅವನ್ನು ಕೊಂದರೆ 3ರಿಂದ 7 ವರ್ಷ ಸೆರೆ ಮತ್ತು ದಂಡ. ಕಾಡುಹಂದಿ ಈಗ ಎರಡನೆಯ ಅನುಸೂಚಿಯಲ್ಲಿದೆ. ಅದರಿಂದ ನಿಂತ ಬೆಳೆಗೆ ಅಪಾಯವೆಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರಹದ ಮೂಲಕ ಅನುಮತಿ ಕೊಡಬಹುದು. ಆ ಕಾಗದ ಕೈಯಲ್ಲಿಲ್ಲದೆ ಹಂದಿಯನ್ನು ಹೊಡೆಯಬಾರದು. ಹೊಡೆದ ಪ್ರಾಣಿ ಸರ್ಕಾರದ ಸ್ವತ್ತು, ಅದರ ಮಾಂಸವನ್ನು ಹಂಚಿಕೊಳ್ಳುವಂತಿಲ್ಲ.

ಇನ್ನೊಂದು ಮಾತು. ಎಂ. 35-1 ಜೋಳ ಚೆನ್ನಾಗಿ ಬಂದ ವರ್ಷ ಆಳೆತ್ತರ ಮೀರಿ ನಿಲ್ಲುತ್ತದೆ. ಅದರೊಳಗೆ ಹುಲ್ಲು ಕೊಯ್ಯುವ ಹೆಣ್ಣುಮಕ್ಕಳು, ನೀರು ತಿರುಗಿಸುವವರು, ಪಕ್ಕದ ಹೊಲದ ಕಾವಲುಗಾರರು ಇರುತ್ತಾರೆ. ಸಪ್ಪಳ ಬಂದ ಕಡೆಗೆ ಗುಂಡು ಹೊಡೆಯುವವನು ಏನನ್ನು ಹೊಡೆಯುತ್ತಿದ್ದೇನೆಂದು ತಿಳಿದಿರುವುದಿಲ್ಲ. ಗುರಿ ಕಣ್ಣಿಗೆ ಕಾಣದೆ, ಗುರಿಯ ಹಿಂದೆ ಏನಿದೆ ಎಂದು ಗೊತ್ತಾಗದೆ ಎಂದೂ ಹೊಡೆಯಬಾರದು.

ಬಂದೂಕಿಲ್ಲದೆ ಬೆಳೆ ರಕ್ಷಣೆ

ಒಂದು ಕಾಡತೂಸಿನಿಂದ ಒಂದು ಹಂದಿ ಹೋಗಬಹುದು. ಹಿಂಡು ಮರುರಾತ್ರಿ ಬರುತ್ತದೆ. ಇಡೀ ಹೊಲವನ್ನು ಕಾಯುವ ಉಪಾಯಗಳು ಬೇರೆ ಇವೆ.

ಕುಸುಬಿ ಸುತ್ತು: ಹಿಂಗಾರಿ ಜೋಳ, ಕಡಲೆಯ ಹೊಲದ ಸುತ್ತ ಮುಳ್ಳಿನ ಕುಸುಬಿ ಬಿತ್ತುವುದು ಈ ಸೀಮೆಯ ಹಿರಿಯರ ಪದ್ಧತಿ. ದನಕರುಗಳನ್ನು ತಡೆಯಲೆಂದು ಮಾಡುತ್ತಿದ್ದ ಈ ಬೇಲಿ ಹಂದಿಗೂ ತೊಡಕಾಗುತ್ತದೆ. ಅಣ್ಣಿಗೇರಿ-1 ಮುಳ್ಳುಳ್ಳ ತಳಿ. ಒಂದೆರಡು ಸಾಲು ಸಾಲದು, ನಾಲ್ಕು ಸಾಲು ಒತ್ತಾಗಿ ಬರಬೇಕು. ಬೇಲಿಯೂ ಆಯಿತು, ಎಣ್ಣೆಕಾಳೂ ಆಯಿತು.

ಔಡಲ ಸುತ್ತು: ಗೋವಿನಜೋಳದ ಸುತ್ತ ನಾಲ್ಕು ಸಾಲು ಔಡಲವನ್ನು ಒತ್ತಾಗಿ ಹಾಕಬೇಕು. ಹಂದಿ ಔಡಲವನ್ನು ತಿನ್ನುವುದಿಲ್ಲ. ಒಳಗಿನ ಬೆಳೆಯ ವಾಸನೆಯೂ ಅದಕ್ಕೆ ಸರಿಯಾಗಿ ಹತ್ತುವುದಿಲ್ಲ.

ಸೌರ ಬೇಲಿ: ಕಬ್ಬು, ಶೇಂಗಾ, ಲಿಂಬೆ ತೋಟಗಳಿಗೆ ಇದು ಯೋಗ್ಯ. ಸೂರ್ಯನ ಬೆಳಕಿನಿಂದ 12 ವೋಲ್ಟಿನ ಬ್ಯಾಟರಿ ತುಂಬುತ್ತದೆ. ಅದರ ಪೆಟ್ಟಿಗೆಯಿಂದ ತಂತಿಗೆ ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಮಿಡಿತ ಹೋಗುತ್ತದೆ. ಮುಟ್ಟಿದ ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಹಂದಿ ನೆಲಕ್ಕೆ ಮೂತಿ ಹಚ್ಚಿ ನಡೆಯುವುದರಿಂದ ಕೆಳಗಿನ ತಂತಿ ನೆಲದಿಂದ ಗೇಣು ಎತ್ತರದಲ್ಲಿಯೇ ಇರಬೇಕು. ಕಸ ಬೆಳೆದು ತಂತಿಗೆ ತಾಗಿದರೆ ಮಿಡಿತದ ಬಲ ನೆಲಕ್ಕೆ ಹರಿದುಹೋಗುತ್ತದೆ. ಬೇಲಿಯ ಬುಡವನ್ನು ಸ್ವಚ್ಛವಾಗಿಡಬೇಕು. ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಟ್ಟಾಗ ಅರ್ಥಿಂಗ್ ಸಲಾಕೆಯ ಬುಡಕ್ಕೆ ನೀರು ಹಾಕುತ್ತಿರಬೇಕು.

ಪಂಪ್‌ಸೆಟ್ಟಿನ 230 ವೋಲ್ಟ್ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಮಾತ್ರ ಎಂದೂ ಕೂಡದು. ಅದು ಹಂದಿಯನ್ನು ಕೊಲ್ಲುವ ಮುಂಚೆ ಮನೆಯವರನ್ನೇ ಕೊಲ್ಲಬಹುದು. ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುವುದೂ ಹಾಗೆಯೇ. ಅದನ್ನು ಕಚ್ಚುವುದು ಅನೇಕ ಸಲ ಊರ ಆಕಳು ಇಲ್ಲವೆ ನಾಯಿ. 1908ರ ಸ್ಫೋಟಕ ವಸ್ತುಗಳ ಕಾಯಿದೆಯಡಿ ಅದು ಘೋರ ಅಪರಾಧ.

ಹಕ್ಕಿಗಳಿಗೆ: ಜೋಳ ಹಾಲುಗಾಳಾದಂದಿನಿಂದ ಗಟ್ಟಿಯಾಗುವವರೆಗೆ ಸುಮಾರು ಮೂರು ವಾರ ಕಾವಲು ಅಗತ್ಯ. ಬೆಳಿಗ್ಗೆ ಮತ್ತು ಸಂಜೆಯ ಎರಡು ಮೂರು ತಾಸು ಮುಖ್ಯ. ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವ ಪದ್ಧತಿಗೆ ಖರ್ಚಿಲ್ಲ, ಪರವಾನಗಿಯೂ ಬೇಡ. ಹೊಳೆಯುವ ಪಟ್ಟಿಯನ್ನು ತಿರುವು ಕೊಟ್ಟು ತೆನೆಯ ಮೇಲೆ ಕಟ್ಟಿದರೆ ಗಾಳಿಗೆ ಸದ್ದು ಮಾಡಿ ಹಕ್ಕಿಗಳನ್ನು ಬೆದರಿಸುತ್ತದೆ. ಒಂದೇ ಉಪಾಯಕ್ಕೆ ಹಕ್ಕಿಗಳು ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತವೆ, ಬದಲಿಸುತ್ತಿರಬೇಕು. ಅಕ್ಕಪಕ್ಕದ ರೈತರು ಒಂದೇ ಸಮಯಕ್ಕೆ ಬಿತ್ತಿದರೆ ಹಾನಿ ಹಂಚಿಹೋಗಿ ಒಬ್ಬನ ಮೇಲೆಯೇ ಬೀಳುವುದಿಲ್ಲ.

ಕೂಡಿ ಮಾಡುವ ಕೆಲಸ: ಹಳ್ಳದ ದಂಡೆಯ ಬಳ್ಳಾರಿ ಜಾಲಿಯನ್ನು ಒಬ್ಬ ರೈತ ಕಡಿದರೆ ಹಂದಿ ಪಕ್ಕದ ಮೆಳೆಗೆ ಹೋಗುತ್ತದೆ. ಊರವರು ಪಂಚಾಯಿತಿಯ ಮೂಲಕ ಕೂಡಿ ತೆಗೆದರೆ ಹಂದಿಗೆ ಹಗಲಿನ ಆಸರೆ ತಪ್ಪುತ್ತದೆ. ರಾತ್ರಿ ಕಾವಲನ್ನೂ ಸರದಿಯ ಮೇಲೆ ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ.

ಹಾನಿಯಾದರೆ: ವನ್ಯಪ್ರಾಣಿಯಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆ ದಯಾತ್ಮಕ ಪರಿಹಾರ ಕೊಡುತ್ತದೆ. ಹಾನಿಯನ್ನು ಕಂಡ ದಿನವೇ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬೇಕು. ಹೆಜ್ಜೆಗುರುತು, ಮುರಿದ ಬೆಳೆಯ ಫೋಟೋ ತೆಗೆದಿಡಬೇಕು. ಉತಾರ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಜೊತೆಗಿಡಬೇಕು. ಅಧಿಕಾರಿ ಬಂದು ನೋಡುವ ಮುಂಚೆ ಹೊಲ ಹರಗಬಾರದು.

ಕೆಲವು ಪ್ರಶ್ನೆಗಳು

ಪ್ರಶ್ನೆ: ಬ್ರಿಟಿಷರ ಕಾಲದಲ್ಲಿ ಶಿಕಾರಿಯವರು ಮನೆಯಲ್ಲಿಯೇ ತುಂಬುತ್ತಿದ್ದರಲ್ಲ?
ಉತ್ತರ: ಹೌದು, ಖಾಲಿ ಕೋಶ ಮತ್ತು ಕೈಸಾಧನ ತರಿಸಿ ತುಂಬುತ್ತಿದ್ದವರು ಇದ್ದರು. ಅಂದಿನ ರೂಢಿ ಇಂದಿನ ಕಾನೂನಿಗೆ ಸಮಾಧಾನವಾಗುವುದಿಲ್ಲ.

ಪ್ರಶ್ನೆ: ತಿಳಿಯದೆ ಯಂತ್ರ ಅಥವಾ ಅಚ್ಚು ತರಿಸಿದ್ದರೆ ಏನು ಮಾಡಬೇಕು?
ಉತ್ತರ: ಬಳಸಬಾರದು, ಮಾರಬಾರದು, ಬಾವಿಗೆ ಎಸೆಯಬಾರದು. ತಿಳಿದ ವಕೀಲರ ಸಲಹೆ ಪಡೆದು, ಅವರನ್ನು ಕರೆದುಕೊಂಡು ಹೋಗಿ ಠಾಣೆಗೆ ಒಪ್ಪಿಸುವುದು ಸರಿಯಾದ ದಾರಿ. ತಾನಾಗಿ ಒಪ್ಪಿಸಿದವನಿಗೂ ಶೋಧದಲ್ಲಿ ಸಿಕ್ಕವನಿಗೂ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ಹೊಲದಲ್ಲಿ ಹಂದಿ ಮೈಮೇಲೆ ಬಂದರೆ?
ಉತ್ತರ: ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಮಾಡಿದ್ದು ವನ್ಯಜೀವಿ ಕಾಯಿದೆಯಲ್ಲಿ ಅಪರಾಧವಲ್ಲ. ಕೂಡಲೆ ಅರಣ್ಯ ಇಲಾಖೆಗೆ ತಿಳಿಸಬೇಕು.

ರೈತ ಬಾಂಧವರೆ, ಬಂದೂಕು ಬೆಳೆ ಕಾಯುವ ಹಲವು ಸಾಧನಗಳಲ್ಲಿ ಕೊನೆಯದು. ಅದನ್ನು ಇಟ್ಟುಕೊಂಡವರು ಅಂಗಡಿಯ ಕಾಡತೂಸನ್ನೇ ಲೆಕ್ಕವಿಟ್ಟು ಬಳಸಬೇಕು. ಮನೆಯಲ್ಲಿ ತುಂಬುವ ಯಂತ್ರದ ಹಣವನ್ನು ಬೇಲಿಯ ತಂತಿಗೆ, ಕುಸುಬಿಯ ಬೀಜಕ್ಕೆ ಹಾಕಿದರೆ ಅದು ಒಂದೇ ಹಂಗಾಮಿನಲ್ಲಿ ತಿರುಗಿ ಬರುತ್ತದೆ. ಹೆಚ್ಚಿನ ವಿವರಗಳಿಗೆ ಬೇಲಿ ಮತ್ತು ಬೆಳೆಯ ಬಗ್ಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನೂ ರೈತ ಸಂಪರ್ಕ ಕೇಂದ್ರವನ್ನೂ, ಪ್ರಾಣಿಗಳ ಬಗ್ಗೆ ವಲಯ ಅರಣ್ಯಾಧಿಕಾರಿಗಳನ್ನೂ, ಪರವಾನಗಿಯ ಬಗ್ಗೆ ಜಿಲ್ಲಾಧಿಕಾರಿಗಳ ಕಚೇರಿಯನ್ನೂ ಸಂಪರ್ಕಿಸಬಹುದು. ಈ ಹಿಂಗಾರಿ ಬಿತ್ತುವಾಗ ಹೊಲದ ಸುತ್ತ ನಾಲ್ಕು ಸಾಲು ಕುಸುಬಿಗೆ ಜಾಗ ಬಿಡಲು ಮರೆಯಬೇಡಿ.